ಸಿನಿಮಾ ತೋರಿಸಿ ನಟನೆ ಕಲಿಸುವುದು: ಯಾವ ದೃಶ್ಯ, ಯಾವ ದಾರಿ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ನಾಟಕ ಕಲಿಸುವವರು ನಾಲ್ಕು ಮಂದಿ ಸೇರಿದರೆ ಈ ಮಾತು ಬಂದೇ ಬರುತ್ತದೆ. "ಹುಡುಗರಿಗೆ ಸಿನಿಮಾ ತೋರಿಸ್ತೀರೇನು? ಯಾವುದು ತೋರಿಸ್ತೀರಿ?" ಕೆಲವರು ಬೇಡವೇ ಬೇಡ ಅನ್ನುತ್ತಾರೆ. ಸಿನಿಮಾ ನೋಡಿದ ಹುಡುಗರು ರಂಗದ ಮೇಲೆ ಪಿಸುಗುಡುತ್ತಾರೆ, ಮೂರನೇ ಸಾಲಿಗೂ ಕೇಳುವುದಿಲ್ಲ ಅನ್ನೋದು ಅವರ ದೂರು. ಇನ್ನು ಕೆಲವರು ತಮಗೆ ಇಷ್ಟವಾದ ಸಿನಿಮಾ ಹಾಕಿ, ಮುಗಿದ ಮೇಲೆ "ಹೆಂಗಿತ್ತು?" ಅಂತ ಕೇಳಿ ಕ್ಲಾಸ್ ಮುಗಿಸುತ್ತಾರೆ. ಎರಡೂ ನನಗೆ ಸರಿ ಕಾಣುವುದಿಲ್ಲ.

ನನ್ನ ಪ್ರಕಾರ ತೋರಿಸಬೇಕು. ಆದರೆ ಒಳ್ಳೆಯ ದೃಶ್ಯಗಳೆಲ್ಲ ಪಾಠಕ್ಕೆ ಬರುವುದಿಲ್ಲ. ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಕ್ಯಾಮೆರಾ, ಎಡಿಟಿಂಗ್, ಹಿನ್ನೆಲೆ ಸಂಗೀತ ತೆಗೆದುಬಿಟ್ಟರೆ ಇಲ್ಲಿ ನಟ ಮಾಡಿದ ಕೆಲಸ ಏನು ಉಳಿಯುತ್ತದೆ? ಉಳಿದದ್ದನ್ನು ನಮ್ಮ ಹುಡುಗ ಖಾಲಿ ರಂಗದ ಮೇಲೆ ನಿಂತು ಮಾಡಬಲ್ಲನಾ? ಹೌದು ಅನ್ನಿಸಿದರೆ ತೋರಿಸುತ್ತೇನೆ. ಇಲ್ಲ ಅಂದರೆ ಅದನ್ನು ಮನೆಯಲ್ಲಿ ಕೂತು ನೋಡಿ ಖುಷಿಪಡುತ್ತೇನೆ.

ಈ ಮಾತಿಗೆ ಹಳೆಯ ಪುರಾವೆ ಒಂದಿದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಚಿತ್ರವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿದ. ಸೂಪಿನ ತಟ್ಟೆಯ ಪಕ್ಕ ಇಟ್ಟಾಗ ಜನಕ್ಕೆ ಆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟಾಗ ದುಃಖ ಕಂಡಿತು. ಮುಖ ಮಾತ್ರ ಅದೇ. ಕ್ಲೋಸ್-ಅಪ್‌ಗಳೇ ತುಂಬಿರುವ ದೃಶ್ಯವನ್ನು "ನೋಡ್ರಿ, ಎಂಥಾ ಅಭಿನಯ" ಅಂತ ತೋರಿಸುವ ಮುಂಚೆ ಇದನ್ನು ನೆನಪಿಡಬೇಕು. ಅಲ್ಲಿ ಅರ್ಧ ಕೆಲಸ ಎಡಿಟರ್‌ದೇ ಇರಬಹುದು.

ಮೊದಲು, ಎದುರಿಗೆ ಕೂತವರು ಯಾರು?

ನಮ್ಮ ಭಾಗದ ಕ್ಲಾಸುಗಳಲ್ಲಿ ಎರಡು ಥರದ ವಿದ್ಯಾರ್ಥಿಗಳು ಒಟ್ಟಿಗೇ ಕೂತಿರುತ್ತಾರೆ. ಒಂದು ಥರದವರು ಊರ ರಂಗದಿಂದ ಬಂದವರು. ಮಾವನೋ ದೊಡ್ಡಪ್ಪನೋ ದೊಡ್ಡಾಟದಲ್ಲಿ ಪಾತ್ರ ಕಟ್ಟಿರುತ್ತಾರೆ. ಯುಗಾದಿಗೋ ಜಾತ್ರೆಗೋ ಆಡುವ ಸಾಮಾಜಿಕ ನಾಟಕದಲ್ಲಿ ಇವರೂ ಒಂದು ಪಾರ್ಟು ಮಾಡಿರುತ್ತಾರೆ. ಹಾರ್ಮೋನಿಯಂ ಮುಂದೆ ಕೂತ ಮಾಸ್ತರ ಹತ್ತಿರ ಬೈಸಿಕೊಂಡು ಪಳಗಿದವರು. ಗಂಟಲು ಜೋರು, ಮಾತು ಬಾಯಿಪಾಠ, ಎದೆ ಪ್ರೇಕ್ಷಕರ ಕಡೆ. ಇವರಿಗೆ ಬಾರದ್ದು ಒಂದೇ: ಎದುರಿನವನು ಮಾತಾಡುವಾಗ ಕೇಳಿಸಿಕೊಳ್ಳುವುದು. ತಮ್ಮ ಸರದಿ ಬರುವ ತನಕ ಸುಮ್ನೆ ಕಾಯುತ್ತಾ ನಿಂತಿರುತ್ತಾರೆ.

ಇನ್ನೊಂದು ಥರದವರು ಪೇಟೆಯ ಕಾಲೇಜಿನವರು. ರೀಲ್ಸ್ ನೋಡಿ, ರೀಲ್ಸ್ ಮಾಡಿ ಬೆಳೆದವರು. ಹುಬ್ಬು, ತುಟಿ, ಕಣ್ಣು ಚೆನ್ನಾಗಿ ಆಡುತ್ತವೆ. ಕುತ್ತಿಗೆಯಿಂದ ಕೆಳಗೆ ಮಾತ್ರ ದೇಹ ಇದೆ ಅನ್ನೋದೇ ಗೊತ್ತಿರುವುದಿಲ್ಲ. ಕೈ ಎಲ್ಲಿಡಬೇಕು ಅಂತ ತಿಳಿಯದೆ ಜೇಬಿಗೆ ಹಾಕುತ್ತಾರೆ.

ಮೊದಲಿನವರಿಗೆ ಮಾತು ಕಡಿಮೆ ಇರುವ ದೃಶ್ಯ ಬೇಕು, ಎರಡನೆಯವರಿಗೆ ದೊಡ್ಡ ದೇಹ, ದೊಡ್ಡ ದನಿ ಇರುವ ದೃಶ್ಯ ಬೇಕು. ನಡೆಯುವುದು ಉಲ್ಟಾ. ಪೌರಾಣಿಕ ಇಷ್ಟಪಡುವವನಿಗೆ ಪೌರಾಣಿಕವನ್ನೇ ಕೊಡುತ್ತೇವೆ, ಮೆಲ್ಲಗೆ ಮಾತಾಡುವವಳಿಗೆ ಮೆಲುದನಿಯ ದೃಶ್ಯವನ್ನೇ ಕೊಡುತ್ತೇವೆ. ಚಪ್ಪಾಳೆ ಸಿಗುತ್ತದೆ, ಇಬ್ಬರೂ ಇದ್ದಲ್ಲೇ ಇರುತ್ತಾರೆ.

ದಾರಿ ಮೂರು: ನೋಡಿ ಮಾತಾಡುವುದು, ನೋಡಿ ಮಾಡುವುದು, ಮಾಡಿ ನೋಡುವುದು

ನೋಡಿ ಮಾತಾಡುವುದು ಎಲ್ಲಕ್ಕಿಂತ ಸುಲಭ. ಡಿಗ್ರಿ ಕಾಲೇಜಿನಲ್ಲಿ ಕ್ಲಾಸ್ ತುಂಬ ಜನ ಇದ್ದರೆ, ಒಂದೇ ಪೀರಿಯಡ್ ಸಿಕ್ಕಿದ್ದರೆ, ಇದೊಂದೇ ಆಗುವ ಕೆಲಸ. ರಷ್ಯಾದ ರಂಗ ನಿರ್ದೇಶಕ, ನಟನೆಯ ಗುರು ಸ್ತಾನಿಸ್ಲಾವ್‌ಸ್ಕಿ ಹೇಳಿದ ಪ್ರಶ್ನೆಗಳನ್ನು ಕಲಿಸಲು ಇದು ಸಾಕು. ಈ ಮನುಷ್ಯ ಯಾರು, ಎಲ್ಲಿದ್ದಾನೆ, ಎಷ್ಟು ಹೊತ್ತು, ಎಲ್ಲಿಂದ ಬಂದ, ಎದುರಿನವನಿಂದ ಇವನಿಗೆ ಏನು ಬೇಕು, ಏನು ಅಡ್ಡ ಬಂದಿದೆ? ತೊಂದರೆ ಏನೆಂದರೆ, ಹುಡುಗರು ನಟರಾಗುವ ಬದಲು ವಿಮರ್ಶಕರಾಗಿಬಿಡುತ್ತಾರೆ. "ಸೂಪರ್ ಸರ್", "ಓವರ್ ಆ್ಯಕ್ಟಿಂಗ್ ಸರ್", ಇವೆರಡರಲ್ಲೇ ಚರ್ಚೆ ಮುಗಿಯುತ್ತದೆ. ಅದಕ್ಕೆ ನಾನು ಒಂದೇ ದೃಶ್ಯವನ್ನು ಮೂರು ಸಲ ಹಾಕುತ್ತೇನೆ. ಮೊದಲು ದನಿ ಬಂದ್ ಮಾಡಿ. ಆಮೇಲೆ ಪರದೆಗೆ ಟವೆಲ್ ಮುಚ್ಚಿ, ಬರೀ ದನಿ. ಕೊನೆಗೆ ಎರಡೂ ಸೇರಿಸಿ. ಮೊದಲ ಸಲ ನೋಡುವಾಗ ಗುಣವಾಚಕ ಬಳಸುವಂತಿಲ್ಲ. "ದುಃಖದಲ್ಲಿದ್ದಾನೆ" ಅನ್ನಬಾರದು. "ಕುರ್ಚಿ ಎಳೆದ, ಕೂರಲಿಲ್ಲ, ಬಾಗಿಲ ಕಡೆ ನೋಡಿದ", ಹೀಗೆ ಕ್ರಿಯಾಪದದಲ್ಲೇ ಹೇಳಬೇಕು. ಇಷ್ಟು ಮಾಡಿದರೆ ಸಾಕು, ಕ್ಲಾಸಿನ ಮಾತೇ ಬದಲಾಗುತ್ತದೆ.

ನೋಡಿ ಮಾಡುವುದು ಅಂದರೆ ಅನುಕರಣೆ. ಇದನ್ನು ಪೂರ್ತಿ ಬೈಯುವವರ ಜೊತೆ ನಾನಿಲ್ಲ. ಗುರು ಹೆಜ್ಜೆ ಹಾಕಿ ತೋರಿಸುತ್ತಾರೆ, ಶಿಷ್ಯ ಹಾಕುತ್ತಾನೆ, ದೊಡ್ಡಾಟ ಕಲಿಯುವುದೇ ಹೀಗಲ್ವಾ? ಆದರೆ ಅಲ್ಲಿ ಗುರು ಎದುರಿಗೆ ನಿಂತು ತಿದ್ದುತ್ತಾರೆ. ಪರದೆ ತಿದ್ದುವುದಿಲ್ಲ. ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿಗೆ ಬೀಳುವ ಸಿಳ್ಳೆ ನೋಡಿದ ಹುಡುಗ, ಡಾ. ರಾಜ್‌ಕುಮಾರ್ ದೃಶ್ಯ ತೋರಿಸಿದ ಮರುಕ್ಷಣ ಅವರ ದನಿ ತೆಗೆಯಲು ಶುರುಮಾಡುತ್ತಾನೆ. ಆ ದನಿ ಒಮ್ಮೆ ಗಂಟಲಿಗೆ ಅಂಟಿತು ಅಂದರೆ ಬಿಡಿಸುವುದು ಕಷ್ಟ. ಹಾಗಾಗಿ ಅನುಕರಣೆಯನ್ನು ನಾನು ಒಂದು ಅಂಗಕ್ಕೆ ಸೀಮಿತ ಮಾಡುತ್ತೇನೆ. ಒಂದು ನಡಿಗೆ, ಒಂದು ಕೂರುವ ರೀತಿ, ಅಷ್ಟೇ. ಮಾತು ಮಾತ್ರ ಬೇಡ.

ಮಾತು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ನಾವು ನೋಡುವ ಎಷ್ಟೋ ಹಳೆಯ ಸಿನಿಮಾಗಳಲ್ಲಿ ದನಿಯನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿರುತ್ತಾರೆ. ದೇಹ ಒಂದು ದಿನದ್ದು, ದನಿ ಇನ್ನೊಂದು ದಿನದ್ದು. ಕೆಲವು ಸಲ ದನಿ ಬೇರೆಯವರದೇ ಇರುತ್ತದೆ. ಓಡಿ ಬಂದವನ ಏದುಸಿರು ಮಾತಿನಲ್ಲಿ ಇರುವುದೇ ಇಲ್ಲ. ರಂಗದ ಮೇಲೆ ಉಸಿರು ಮತ್ತು ಮಾತು ಒಟ್ಟಿಗೇ ಬರಬೇಕಲ್ಲ.

ಮೂರನೆಯದು ಮಾಡಿ ನೋಡುವುದು. ನನ್ನ ಓಟು ಇದಕ್ಕೆ. ದೃಶ್ಯದ ಮಾತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪಾತ್ರಗಳ ಹೆಸರು ಬದಲಿಸಿ. ಯಾವ ಸಿನಿಮಾ ಅಂತ ಹೇಳಬೇಡಿ. ಹುಡುಗರು ತಾಲೀಮು ಮಾಡಿ ಆಡಲಿ. ಅವರದೇ ಒಂದು ರೂಪ ಬಂದ ಮೇಲೆ ಸಿನಿಮಾ ಹಾಕಿ.

ಗಿರೀಶ ಕಾಸರವಳ್ಳಿ ಅವರ 'ತಬರನ ಕಥೆ' ಇದಕ್ಕೆ ಬಹಳ ಒಳ್ಳೆಯದು. 1986ರ ಸಿನಿಮಾ, ಪೂರ್ಣಚಂದ್ರ ತೇಜಸ್ವಿ ಅವರ ಕಥೆ. ತಬರನಾಗಿ ಮಾಡಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪಿಂಚಣಿಗಾಗಿ ಕಚೇರಿ ಅಲೆಯುವ ಮುದುಕನ ಕಥೆ. ನಾನು ಹುಡುಗರಿಗೆ ಕೊಡುವುದು ಇಷ್ಟೇ: ಒಬ್ಬ ನಿವೃತ್ತ ನೌಕರ, ಒಂದು ಮೇಜು, ಮೇಜಿನ ಹಿಂದೆ ಒಬ್ಬ ಗುಮಾಸ್ತ, ಕೈಯಲ್ಲೊಂದು ಅರ್ಜಿ. ಊರ ರಂಗದಿಂದ ಬಂದ ಹುಡುಗ ಬಾಗಿಲಲ್ಲೇ ಬೆನ್ನು ಬಗ್ಗಿಸಿಕೊಂಡು, ಕೈ ನಡುಗಿಸುತ್ತಾ ಬರುತ್ತಾನೆ. ಎರಡನೇ ಮಾತಿಗೇ ದನಿಯಲ್ಲಿ ಅಳು. ಗುಮಾಸ್ತನ ಪಾತ್ರದವನು ಖಳನಾಯಕನ ಥರ ನಗುತ್ತಾನೆ. ಇಬ್ಬರೂ ಪ್ರೇಕ್ಷಕರ ಕಡೆ ತಿರುಗಿ ಮಾತಾಡುತ್ತಾರೆ. ಆಮೇಲೆ ಸಿನಿಮಾದ ಕಚೇರಿ ದೃಶ್ಯ ಹಾಕಿದಾಗ ಕ್ಲಾಸ್ ಗಪ್ಪು. ಸಿರುಗುಪ್ಪ ಕಡೆಯ ಹುಡುಗನೊಬ್ಬ ಕೊನೆಗೆ ಕೇಳಿದ್ದು: "ಸರ್, ಆತ ಅಳಾದೇ ಇಲ್ಲಲ್ರಿ?"

ಆ ಪ್ರಶ್ನೆ ಬಂತು ಅಂದರೆ ಪಾಠ ಅರ್ಧ ಆಯಿತು. ತಬರ ಅಳಲು ಬಂದವನಲ್ಲ. ಸರ್ಕಾರದ ಮೇಲೆ ನಂಬಿಕೆ ಇಟ್ಟವನು, ತನ್ನ ಹಕ್ಕಿನ ಕಾಗದ ಮುಂದಕ್ಕೆ ಹೋಗಲಿ ಅಂತ ಬಂದವನು. ಅಳುವುದು ನೋಡುವವರ ಕೆಲಸ. ಈಗ ಅದೇ ಹುಡುಗನಿಗೆ ಮತ್ತೆ ಮಾಡಲು ಹೇಳಿ, ಒಂದೇ ಸೂಚನೆ ಕೊಡಿ: "ಈ ಅರ್ಜಿಗೆ ಇವತ್ತು ಸಹಿ ಹಾಕಿಸಿಕೊಂಡೇ ಹೋಗಬೇಕು." ಕೈ ನಡುಗುವುದು ತಾನೇ ನಿಲ್ಲುತ್ತದೆ. ಮೊದಲೇ ಸಿನಿಮಾ ತೋರಿಸಿದ್ದರೆ ಅವನು ಚಾರುಹಾಸನ್ ಅವರ ಮುಖವನ್ನು ಕಾಪಿ ಮಾಡುತ್ತಿದ್ದ. ಈಗ ತಬರನ ಉದ್ದೇಶ ಹುಡುಕುತ್ತಾನೆ.

ಈ ದಾರಿಯ ಕಷ್ಟ ಮುಚ್ಚಿಡುವುದಿಲ್ಲ. ಮಾತು ಬರೆದುಕೊಳ್ಳಲು ಮೇಷ್ಟರ ರಾತ್ರಿ ನಿದ್ದೆ ಹೋಗುತ್ತದೆ. ಎರಡು ತರಗತಿಗಿಂತ ಕಡಿಮೆ ಸಮಯದಲ್ಲಿ ಆಗುವುದಿಲ್ಲ. ಎಲ್ಲರೂ ಟಿವಿಯಲ್ಲಿ ಹತ್ತು ಸಲ ನೋಡಿದ ಸಿನಿಮಾ ಆದರೆ ಗುಟ್ಟು ಮೊದಲ ಸಾಲಿಗೇ ರಟ್ಟು.

ಯಾವ ದೃಶ್ಯ? ಎರಡೆರಡು ಜೋಡಿಸಿ ನೋಡಿ

ಒಂದೇ ದೃಶ್ಯ ತೋರಿಸಿದರೆ ಅದೇ ಸರಿ ಅನ್ನಿಸಿಬಿಡುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟರೆ ಆಯ್ಕೆ ಕಣ್ಣಿಗೆ ಬೀಳುತ್ತದೆ.

ದೇಹದ ಪಾಠಕ್ಕೆ ನನ್ನ ಮೊದಲ ಆಯ್ಕೆ ತೆಲುಗಿನ 'ಮಾಯಾಬಜಾರ್'. ಕೆ.ವಿ. ರೆಡ್ಡಿ ನಿರ್ದೇಶನದ 1957ರ ಸಿನಿಮಾ. ಬಳ್ಳಾರಿ, ರಾಯಚೂರಿನ ಹುಡುಗರಿಗೆ ತೆಲುಗು ಹೇಗೂ ಕಿವಿಗೆ ಬಿದ್ದಿರುತ್ತದೆ, ಭಾಷೆಯ ತೊಡಕಿಲ್ಲ. ಘಟೋತ್ಕಚ ಶಶಿರೇಖೆಯ ರೂಪ ಹಾಕಿಕೊಂಡು ಮದುವೆ ಮನೆಯಲ್ಲಿ ಕೂತಿದ್ದಾನೆ. ಶಶಿರೇಖೆಯ ಪಾತ್ರ ಸಾವಿತ್ರಿಯವರದು. ಅಂದರೆ ಅವರು ಮಾಡಬೇಕಾದದ್ದು ಹೆಣ್ಣಿನ ದೇಹದೊಳಗೆ ಇರುವ ರಾಕ್ಷಸನನ್ನು. ಅದೂ ಎಸ್.ವಿ. ರಂಗರಾವ್ ಮಾಡಿದ ಘಟೋತ್ಕಚನನ್ನು. ಮದುವೆಯ ಹಾಡಿನಲ್ಲಿ ನಾಚಿಕೆಯಿಂದ ಬಳುಕುವ ಮೈ, ಇದ್ದಕ್ಕಿದ್ದಂತೆ ಎದೆ ಸೆಟೆದು ಭುಜ ಅಗಲಿಸುತ್ತದೆ. ಮತ್ತೆ ನಾಚಿಕೆ. ಮೇಕಪ್ ಬದಲಾಗಿಲ್ಲ, ಬಟ್ಟೆ ಬದಲಾಗಿಲ್ಲ. ದೇಹದ ತೂಕ ಎಲ್ಲಿ ಕೂತಿದೆ ಅನ್ನೋದಷ್ಟೇ ಬದಲಾಗಿದೆ. ರಷ್ಯಾದ ನಟ, ಗುರು ಮೈಕೆಲ್ ಚೆಕೋವ್ ದೇಹದೊಳಗೆ ಒಂದು ಕಲ್ಪನೆಯ ಕೇಂದ್ರ ಇಟ್ಟುಕೊಂಡು ನಡೆಯಿರಿ ಅಂತ ಕಲಿಸುತ್ತಿದ್ದ. ಎದೆಯಲ್ಲಿ ಇಟ್ಟರೆ ಒಬ್ಬ, ಮೂಗಿನ ತುದಿಯಲ್ಲಿ ಇಟ್ಟರೆ ಇನ್ನೊಬ್ಬ. ಇದನ್ನು ಬಾಯಲ್ಲಿ ಹೇಳಿದರೆ ಹುಡುಗರಿಗೆ ತಲೆಬುಡ ತಿಳಿಯುವುದಿಲ್ಲ. ಸಾವಿತ್ರಿಯವರನ್ನು ತೋರಿಸಿದರೆ ಕ್ಷಣದಲ್ಲಿ ತಿಳಿಯುತ್ತದೆ.

ಇದರ ಪಕ್ಕ 'ಬಬ್ರುವಾಹನ' ಇಡಿ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, 1977. ಅರ್ಜುನನೂ ಬಬ್ರುವಾಹನನೂ ರಾಜ್‌ಕುಮಾರ್ ಅವರೇ. ತಂದೆ ಮಗನನ್ನು ಮಗ ಅಂತ ಒಪ್ಪುವುದಿಲ್ಲ, ತಾಯಿಯ ಶೀಲಕ್ಕೆ ಮಾತು ಬರುತ್ತದೆ, ವಾಗ್ವಾದ ಏರುತ್ತದೆ. ಇಬ್ಬರೂ ವೀರರು, ಇಬ್ಬರಿಗೂ ಕೋಪ, ಇಬ್ಬರ ದನಿಯೂ ಒಂದೇ ಗಂಟಲಿನದು. ಹಾಗಿದ್ದೂ ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂದು ಗೊತ್ತಾಗುತ್ತದಾ? ಈ ಪ್ರಶ್ನೆ ಹಾಕಿ ಬರೀ ದನಿ ಕೇಳಿಸಿ. ರೀಲ್ಸ್ ಹುಡುಗರಿಗೆ ಒತ್ತಕ್ಷರ, ಮಹಾಪ್ರಾಣ, ಒಂದೇ ಉಸಿರಲ್ಲಿ ಉದ್ದ ವಾಕ್ಯ, ಇವೆಲ್ಲ ಏಕೆ ಬೇಕು ಅಂತ ಆಗ ಅರ್ಥವಾಗುತ್ತದೆ. ಊರ ರಂಗದ ಹುಡುಗರಿಗೆ ಇದನ್ನು ತೋರಿಸದಿದ್ದರೂ ನಡೆಯುತ್ತದೆ. ಅವರ ಹತ್ತಿರ ಇದು ಆಗಲೇ ಇದೆ, ಜಾಸ್ತಿಯೇ ಇದೆ.

ಎರಡರಲ್ಲಿ ಒಂದೇ ಆಗುವುದು ಅಂದರೆ ನಾನು ಮಾಯಾಬಜಾರ್ ಹಿಡಿಯುತ್ತೇನೆ. ಬಬ್ರುವಾಹನದಿಂದ ಮಿಮಿಕ್ರಿ ಹುಟ್ಟುವ ಸಾಧ್ಯತೆ ಹೆಚ್ಚು. ಸಾವಿತ್ರಿಯವರನ್ನು ಮಿಮಿಕ್ರಿ ಮಾಡುವುದು ಸುಲಭವಲ್ಲ, ಮಾಡಲು ಹೋದವನು ದೇಹವನ್ನೇ ಕಲಿಯಬೇಕಾಗುತ್ತದೆ.

ಇದಕ್ಕೊಂದು ಅಭ್ಯಾಸ ನಮ್ಮ ನೆಲದಲ್ಲೇ ಇದೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ ಆಡಿಸುವವರು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಇದೇ ಕಲೆಗೆ ಹೆಸರಾದವರು. ಗೊಂಬೆಗೆ ಮುಖಭಾವ ಬದಲಿಸಲು ಬರುವುದಿಲ್ಲ. ಕೈ, ಕತ್ತು, ಸೊಂಟದ ಕೋನದಲ್ಲೇ ಸಿಟ್ಟು, ಸೋಲು, ಸೊಕ್ಕು ಎಲ್ಲ ಕಾಣಬೇಕು. ಮಾಯಾಬಜಾರ್ ತೋರಿಸಿದ ಮರುದಿನ ಒಂದು ಬಿಳಿ ಬೆಡ್‌ಶೀಟ್ ಕಟ್ಟಿ, ಹಿಂದೆ ದೀಪ ಇಟ್ಟು, ಹುಡುಗರನ್ನು ಅದರ ಹಿಂದೆ ನಿಲ್ಲಿಸಿ. ಮಾತಿಲ್ಲ, ಮುಖ ಕಾಣುವುದಿಲ್ಲ. ಈಗ ಶಶಿರೇಖೆ, ಈಗ ಘಟೋತ್ಕಚ. ಹುಬ್ಬಿನ ಮೇಲೆ ಬದುಕುತ್ತಿದ್ದ ಹುಡುಗಿ ಮೊದಲ ಸಲ ಮೊಣಕೈ ಬಳಸುವುದನ್ನು ನೋಡಬಹುದು. ಮುಂದೆ ಕೂತವರು "ಗೊತ್ತಾಗ್ತಿಲ್ಲ, ಗೊತ್ತಾಗ್ತಿಲ್ಲ" ಅಂತ ಕೂಗುತ್ತಿದ್ದರೆ ಮೇಷ್ಟರು ಏನೂ ಹೇಳಬೇಕಾಗಿಲ್ಲ.

ದುಃಖದ ಪಾಠಕ್ಕೆ ಜೋಡಿ ಬೇರೆ. ಪುಟ್ಟಣ್ಣ ಕಣಗಾಲರ 'ಶರಪಂಜರ' (1971) ಒಂದು, ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ಇನ್ನೊಂದು. ಶರಪಂಜರದಲ್ಲಿ ಕಲ್ಪನಾ ಮಾಡಿದ ಕಾವೇರಿ ಎಲ್ಲವನ್ನೂ ಹೊರಗೆ ಹಾಕುತ್ತಾಳೆ. ದನಿ, ಕೈ, ಕಣ್ಣು, ಕೂದಲು ಎಲ್ಲ ಆಡುತ್ತವೆ. ಇವತ್ತಿನ ಹುಡುಗರು ಮೊದಲು ನಗುತ್ತಾರೆ, "ಓವರ್" ಅನ್ನುತ್ತಾರೆ. ಅವರನ್ನು ಅಲ್ಲೇ ತಡೆಯಿರಿ. ಕಾಯಿಲೆಯಿಂದ ಚೇತರಿಸಿಕೊಂಡು ಬಂದ ಹೆಂಗಸನ್ನು ಮನೆಯವರೂ ಊರವರೂ ಅನುಮಾನದಿಂದಲೇ ನೋಡುತ್ತಾರೆ. ಸಿನಿಮಾದುದ್ದಕ್ಕೂ ಅವಳು ತನ್ನನ್ನು ಬಿಗಿ ಹಿಡಿದುಕೊಂಡಿದ್ದು ನೋಡಿದರೆ, ಕೊನೆಯಲ್ಲಿ ಒಡೆದದ್ದು ಓವರ್ ಅನ್ನಿಸುವುದಿಲ್ಲ. ಕೊನೆಯ ತುಣುಕೊಂದನ್ನೇ ಹಾಕುವುದಾದರೆ ಶರಪಂಜರ ತೋರಿಸಲೇಬೇಡಿ. ಅದು ನಟಿಗೆ ಅನ್ಯಾಯ.

ಪಥೇರ್ ಪಾಂಚಾಲಿಯಲ್ಲಿ ಮಗಳು ದುರ್ಗಾ ತೀರಿಹೋಗಿದ್ದಾಳೆ. ಊರಿಗೆ ಮರಳಿದ ತಂದೆಗೆ ಗೊತ್ತಿಲ್ಲ. ತಂದ ಸಾಮಾನು ಒಂದೊಂದೇ ತೋರಿಸುತ್ತಾ ದುರ್ಗಾಳಿಗೆ ತಂದ ಸೀರೆ ಕೊಡುತ್ತಾನೆ. ಅದುವರೆಗೆ ತಡೆದುಕೊಂಡಿದ್ದ ತಾಯಿ ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳುವುದೇ ಇಲ್ಲ. ಆ ಜಾಗದಲ್ಲಿ ತಾರ್ ಶೆಹನಾಯಿ ಎಂಬ ತಂತಿವಾದ್ಯದ ದನಿ ಬರುತ್ತದೆ. ಎಂಥಾ ದೃಶ್ಯ ಅದು! ಆದರೆ ನಮ್ಮ ಅಳತೆಗೋಲು ಹಿಡಿದರೆ ಆ ಕೊನೆಯ ಕ್ಷಣ ಸಂಗೀತದ್ದು. ಪಾಠಕ್ಕೆ ಬೇಕಾದದ್ದು ಅದಕ್ಕಿಂತ ಮುಂಚಿನದು. ಗಂಡ ಮಾತಾಡುತ್ತಲೇ ಇದ್ದಾನೆ, ಹೆಂಡತಿ ಏನೂ ಹೇಳುತ್ತಿಲ್ಲ. ಕರುಣಾ ಬ್ಯಾನರ್ಜಿ ಅಲ್ಲಿ ತಡೆದುಕೊಳ್ಳುತ್ತಾರಲ್ಲ, ಅದನ್ನು ಹುಡುಗರು ಆಡಿ ನೋಡಲಿ. ಬೆಂಗಾಲಿ ಬರಬೇಕಾಗಿಲ್ಲ. ಸಂಗೀತ ಶುರುವಾಗುವ ಮುಂಚೆ ವಿಡಿಯೋ ನಿಲ್ಲಿಸಿ.

ವಸ್ತುವಿನ ಜೊತೆ ಆಡುವುದಕ್ಕೆ 'ಆನ್ ದಿ ವಾಟರ್‌ಫ್ರಂಟ್' (1954) ಸಿನಿಮಾದ ಕೈಗವಸಿನ ದೃಶ್ಯಕ್ಕೆ ಸಾಟಿ ನನಗೆ ಇನ್ನೂ ಸಿಕ್ಕಿಲ್ಲ. ನಿರ್ದೇಶಕ ಎಲಿಯಾ ಕಜಾನ್. ಇಬ್ಬರು ನಡೆಯುತ್ತಿದ್ದಾರೆ, ಹುಡುಗಿಯ ಕೈಗವಸು ಬೀಳುತ್ತದೆ. ಮಾರ್ಲನ್ ಬ್ರ್ಯಾಂಡೊ ಎತ್ತಿಕೊಳ್ಳುತ್ತಾನೆ, ವಾಪಸು ಕೊಡುವುದಿಲ್ಲ. ಜೋಕಾಲಿಯ ಮೇಲೆ ಕೂತು, ಅದನ್ನು ಒರೆಸಿ, ತನ್ನ ಕೈಗೇ ಹಾಕಿಕೊಳ್ಳುತ್ತಾನೆ. ಮಾತು ಬೇರೆ ಏನೋ ನಡೆದಿದೆ. ಕೈಗವಸು ಅವನ ಹತ್ತಿರ ಇರುವ ತನಕ ಅವಳು ಹೋಗುವ ಹಾಗಿಲ್ಲ. ಇಂಗ್ಲಿಷ್ ಅರ್ಥವಾಗದ ಹುಡುಗರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಅವರು ಕೈಯನ್ನೇ ನೋಡುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಕೈಗವಸು ಎಲ್ಲಿಂದ ತರೋಣ? ಟವೆಲ್, ಮೊಬೈಲ್ ಚಾರ್ಜರ್, ಬಸ್ ಟಿಕೆಟ್ ಕೊಡಿ. ಸಿಂಧನೂರು ಬಸ್ಸಿಗೆ ಹೊರಟವಳ ಟಿಕೆಟ್ ಇವನ ಕೈಯಲ್ಲಿದೆ, ಇಷ್ಟು ಸಾಕು.

ಇನ್ನು 'ತಿಥಿ' (2015). ಮಂಡ್ಯ ಕಡೆಯ ಹಳ್ಳಿಯ ಜನರೇ ಮಾಡಿದ ಸಿನಿಮಾ, ವೃತ್ತಿಪರ ನಟರಿಲ್ಲ. ಇದನ್ನು ನಟನೆಯ ಮಾದರಿಯಾಗಿ ತೋರಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಬರುವ ಮುದುಕ ಗಡ್ಡಪ್ಪ ನಡೆದ ಹಾಗೆ ನಡೆಯಲು ಗಡ್ಡಪ್ಪನ ಬದುಕೇ ಬೇಕು, ಅದನ್ನು ತಾಲೀಮಿನಲ್ಲಿ ಕೊಡಲಾಗುವುದಿಲ್ಲ. ಆದರೆ ಜನ ನಿಜವಾಗಿ ಹೇಗೆ ಕೂರುತ್ತಾರೆ, ಎಷ್ಟು ನಿಧಾನ ಉತ್ತರ ಕೊಡುತ್ತಾರೆ ಅಂತ ಗಮನಿಸಲು ಕೊಡಬಹುದು. ಅದಕ್ಕಿಂತ ಹುಡುಗರನ್ನು ಎಪಿಎಂಸಿಗೋ ಬಸ್ ಸ್ಟ್ಯಾಂಡಿಗೋ ಕಳಿಸುವುದು ಮೇಲು. ಖರ್ಚೂ ಇಲ್ಲ.

ಯಾವ ಗುರುವಿನ ಯಾವ ಅಭ್ಯಾಸ?

ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸ್ತಾನಿಸ್ಲಾವ್‌ಸ್ಕಿಯಿಂದ ಹೊರಟ ದಾರಿಗಳು ಅಮೆರಿಕದಲ್ಲಿ ಕವಲೊಡೆದವು. ಲೀ ಸ್ಟ್ರಾಸ್‌ಬರ್ಗ್ ನಟನ ಸ್ವಂತ ನೆನಪಿನಿಂದ ಭಾವ ತೆಗೆಯಬೇಕು ಅಂದ. ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿಯನ್ನೇ ಭೇಟಿಯಾಗಿ ಬಂದು, ಪಾತ್ರದ ಸನ್ನಿವೇಶ ಮತ್ತು ಕಲ್ಪನೆ ಮುಖ್ಯ ಅಂದಳು. ಸ್ಯಾನ್‌ಫರ್ಡ್ ಮೈಸ್ನರ್ ಎದುರಿನವನನ್ನು ನೋಡು, ಅವನಿಗೆ ಉತ್ತರ ಕೊಡು ಅಂದ.

ಹದಿನೆಂಟು ಇಪ್ಪತ್ತು ವರ್ಷದವರ ಕ್ಲಾಸಿಗೆ ಸ್ಟ್ರಾಸ್‌ಬರ್ಗ್ ದಾರಿಯನ್ನು ನಾನು ಒಯ್ಯುವುದಿಲ್ಲ. ಶರಪಂಜರ ತೋರಿಸಿ "ನಿನ್ನ ಮನೆಯಲ್ಲಿ ಆದ ಸಾವು ನೆನೆಸಿಕೋ" ಅಂತ ಹೇಳುವುದು ಸುಲಭ. ಆಮೇಲೆ ಅಳುವ ಹುಡುಗಿಯನ್ನು ಸಮಾಧಾನ ಮಾಡುವ ತರಬೇತಿ ನಮಗೆ ಇದೆಯಾ? ಆಡ್ಲರ್ ದಾರಿ ಸಾಕು. "ಕಾವೇರಿಯ ಅಡುಗೆಮನೆಯಲ್ಲಿ ಏನೇನಿದೆ, ಕಿಟಕಿಯಿಂದ ಯಾರು ಇಣುಕುತ್ತಾರೆ ಹೇಳು" ಅಂದರೆ ಕಲ್ಪನೆ ತಾನೇ ಕೆಲಸ ಮಾಡುತ್ತದೆ.

ಊರ ರಂಗದ ಹುಡುಗರಿಗೆ ಮೈಸ್ನರ್ ಔಷಧ ಇದ್ದ ಹಾಗೆ. ಇಬ್ಬರು ಎದುರುಬದುರು ಕೂರುತ್ತಾರೆ. "ನೀ ಕಾಲು ಅಲ್ಲಾಡಿಸಾಕತ್ತಿ" ಅಂತ ಒಬ್ಬ. "ನಾ ಕಾಲು ಅಲ್ಲಾಡಿಸಾಕತ್ತೀನಿ" ಅಂತ ಇನ್ನೊಬ್ಬ. ಅದನ್ನೇ ಮತ್ತೆ ಮತ್ತೆ. ಮಾತು ಅದೇ, ಆದರೆ ಎದುರಿನವನು ಬದಲಾದಂತೆ ದನಿ ಬದಲಾಗುತ್ತದೆ. ಶುರುವಿಗೆ ನಗು, ಆಮೇಲೆ ಮುಜುಗರ, ಆಮೇಲೆ ನಿಜವಾಗಿ ನೋಡುವುದು. ಇದಕ್ಕೆ ಜೊತೆಯಾಗಿ ಇಬ್ಬರೂ ಒಂದೇ ಫ್ರೇಮಿನಲ್ಲಿ ಇರುವ ಯಾವುದೇ ದೃಶ್ಯ ಹಾಕಿ, ಮಾತಾಡದವನನ್ನು ಮಾತ್ರ ನೋಡಲು ಹೇಳಿ.

ತಾನು ನೋಡುತ್ತಿರುವುದು ನಾಟಕ ಅನ್ನೋದನ್ನು ಪ್ರೇಕ್ಷಕ ಮರೆಯಬಾರದು ಅಂದವನು ಜರ್ಮನಿಯ ನಾಟಕಕಾರ ಬ್ರೆಕ್ಟ್. ಅವನಿಗಾಗಿ ಸಿನಿಮಾ ಹುಡುಕಬೇಡಿ. ಪಾತ್ರ ಪ್ರವೇಶ ಮಾಡಿದ ಕೂಡಲೇ ಆಟ ನಡೆಸುವ ಸಾರಥಿ ಬಂದು "ತಾವು ಯಾರು?" ಅಂತ ಕೇಳುವ ದೊಡ್ಡಾಟದ ವಿಡಿಯೋ ಹಾಕಿ, ಅಷ್ಟು ಸಾಕು.

ಪರದೆ, ಟಿವಿ, ಮೊಬೈಲ್

ಮಧ್ಯಾಹ್ನ ಮೂರು ಗಂಟೆಗೆ ಬಳ್ಳಾರಿಯಲ್ಲಿ ಕಿಟಕಿ ಮುಚ್ಚಿ ಪ್ರೊಜೆಕ್ಟರ್ ಹಾಕುವುದು ಹುಡುಗರಿಗೆ ಶಿಕ್ಷೆ. ಕಿಟಕಿ ತೆಗೆದರೆ ಪರದೆ ಮೇಲೆ ಏನೂ ಕಾಣುವುದಿಲ್ಲ. ಒಂದು ದೊಡ್ಡ ಟಿವಿ ಸಿಕ್ಕರೆ ಅದೇ ವಾಸಿ. ಮೊಬೈಲಿನಲ್ಲಿ ತೋರಿಸುವುದಾದರೆ ನಾಲ್ಕು ಜನಕ್ಕೊಂದು ಗುಂಪು ಮಾಡಿ, ಆದರೆ ಮಾಯಾಬಜಾರ್ ಮಾತ್ರ ಅಷ್ಟು ಚಿಕ್ಕದಾಗಿ ಬೇಡ, ದೇಹದ ಸೂಕ್ಷ್ಮ ಕಾಣುವುದಿಲ್ಲ. ತುಣುಕುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್ ಸುತ್ತುತ್ತಾ ಕೂತರೆ ಕ್ಲಾಸಿನ ಬಿಸಿ ಆರಿಹೋಗುತ್ತದೆ. ಶಾಲೆ ಕಾಲೇಜಿನ ಒಳಗೆ, ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠದ ಭಾಗವಾಗಿ ಸಿನಿಮಾ ತೋರಿಸಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಟಿಕೆಟ್ ಇಟ್ಟು ಹೊರಗಿನವರನ್ನು ಕರೆದರೆ ಲೆಕ್ಕ ಬೇರೆ.

ಹುಡುಗರ ಅಭಿನಯವನ್ನೇ ಮೊಬೈಲಿನಲ್ಲಿ ಶೂಟ್ ಮಾಡಬೇಕಾ? ಮಾಡಿ, ಆದರೆ ಕೊನೆಯ ಸಾಲಿನಿಂದ. ಮೊಬೈಲನ್ನು ಒಂದು ಕಡೆ ನಿಲ್ಲಿಸಿ, ಝೂಮ್ ಮಾಡದೆ, ಪೂರ್ತಿ ದೇಹ ಬರುವಂತೆ. ಸೀರಿಯಲ್ಲಿಗೆ ಆಡಿಷನ್ ಕೊಡಲು ಬೆಂಗಳೂರಿಗೆ ಹೋಗುವ ಆಸೆ ಇರುವವರಿಗೆ ಕ್ಲೋಸ್-ಅಪ್ ತಾಲೀಮನ್ನು ಬೇರೆ ದಿನ ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನ ಬೆರೆಸಿದರೆ ಅತ್ತ ಕ್ಯಾಮೆರಾ ಮುಂದೆ ಕಿರುಚುತ್ತಾರೆ, ಇತ್ತ ರಂಗದ ಮೇಲೆ ಗೊಣಗುತ್ತಾರೆ.

ಪರದೆಯಿಂದ ಊರ ರಂಗಕ್ಕೆ

ಬಳ್ಳಾರಿ ನಗರದಲ್ಲಿ ರಾಘವ ಕಲಾಮಂದಿರದಂಥ ಜಾಗ ಸಿಕ್ಕರೆ ಪುಣ್ಯ. ಯಾರ ಹೆಸರಿನ ಕಟ್ಟಡ ಅದು ಅಂತ ಹುಡುಗರಿಗೆ ಒಮ್ಮೆ ಹೇಳಿ. ಬಳ್ಳಾರಿ ರಾಘವ ವೃತ್ತಿಯಿಂದ ವಕೀಲರು, ರಂಗದ ದೊಡ್ಡ ನಟರು, 1939ರ 'ರೈತುಬಿಡ್ಡ' ಎಂಬ ತೆಲುಗು ಸಿನಿಮಾದಲ್ಲೂ ಮಾಡಿದ್ದಾರೆ. ರಂಗ, ಸಿನಿಮಾ ಎರಡಕ್ಕೂ ಹಗೆ ಇಲ್ಲ ಅಂತ ವಾದ ಮಾಡುವವರಿಗೆ ಊರಲ್ಲೇ ಸಾಕ್ಷಿ ಇದೆ.

ಆದರೆ ನಮ್ಮ ಹುಡುಗರು ಹೆಚ್ಚಾಗಿ ಆಡುವುದು ಹಳ್ಳಿಯ ಬಯಲಿನಲ್ಲಿ. ಅಲ್ಲಿ ರಂಗದ ಮುಂಭಾಗಕ್ಕೆ ಮೇಲಿನಿಂದ ಎರಡೋ ಮೂರೋ ಮೈಕು ಇಳಿಬಿಟ್ಟಿರುತ್ತಾರೆ. ಮಾತಾಡಬೇಕು ಅಂದರೆ ಮೈಕಿನ ಕೆಳಗೆ ಬರಲೇಬೇಕು. ಸಿನಿಮಾದಿಂದ ಕಲಿತ ಹುಡುಗ ಮೂಲೆಯ ಕುರ್ಚಿಯಲ್ಲಿ ಕೂತು ಸಣ್ಣ ದನಿಯಲ್ಲಿ ಎಷ್ಟೇ ಸತ್ಯವಾಗಿ ಮಾಡಲಿ, "ಏ, ಕೇಳವಲ್ದು!" ಅಂತ ಕೂಗು ಬೀಳುತ್ತದೆ. ಮಾತು ಬಂದಾಗಲೆಲ್ಲ ನಡೆದು ಬಂದು ಮೈಕಿನಡಿ ನಿಂತರೆ ಕಲಿತದ್ದೆಲ್ಲ ನೀರುಪಾಲು.

ಹಾಗಾಗಿ ಸಿನಿಮಾ ದೃಶ್ಯವನ್ನು ಆಡಿಸುವಾಗ ಮೊದಲ ದಿನದಿಂದಲೇ ನೆಲದ ಮೇಲೆ ಸುಣ್ಣದಲ್ಲಿ ಮೈಕಿನ ಜಾಗ ಗುರುತು ಮಾಡಿಡಿ. ಆ ಗುರುತಿಗೆ ಬರಲು ಪಾತ್ರಕ್ಕೆ ಒಂದು ಕಾರಣ ಹುಡುಕಲು ಹೇಳಿ. ಗುಮಾಸ್ತನ ಮೇಜನ್ನು ನಡುವಿನ ಮೈಕಿನ ಕೆಳಗೇ ಇಡಿ, ಅರ್ಜಿ ಹಿಡಿದವನು ಬಂದೇ ಬರುತ್ತಾನೆ. ಸೀರೆ ತಂದ ತಂದೆಯ ಚೀಲವನ್ನು ಎಡಗಡೆ ಮೈಕಿನ ಕೆಳಗೆ ಇಳಿಸಿ. ಅವನು ಅಲ್ಲಿಂದಲೇ ಮಾತಾಡಲಿ. ಮಾತಿಲ್ಲದ ತಾಯಿ ಮೈಕಿನಿಂದ ದೂರ, ಬಾಗಿಲ ಹತ್ತಿರ ಇರಲಿ. ಟಿಕೆಟ್ ಕಳೆದುಕೊಂಡವಳು ಅದನ್ನು ಕಿತ್ತುಕೊಳ್ಳಲು ಒಂದು ಮೈಕಿನಿಂದ ಇನ್ನೊಂದಕ್ಕೆ ಅವನ ಹಿಂದೆ ಓಡಾಡಲಿ.